ಪಿಕಪ್ ಬಾಡಿಯ ತುಕ್ಕು: ತಗಡು ಕತ್ತರಿಸುವುದರಿಂದ ಒಳಮೈಗೆ ಮೇಣ ಹೊಡೆಯುವವರೆಗೆ

ಹಿಂಚಕ್ರದ ಮೇಲಿನ ಕಮಾನಿನಲ್ಲಿ ಬಣ್ಣ ಉಬ್ಬಿ ನಾಲ್ಕು ಸಣ್ಣ ಗುಳ್ಳೆ ಎದ್ದಿವೆ ಎಂದುಕೊಳ್ಳಿ. ಉಗುರಿನಿಂದ ಕೆರೆದರೆ ಕಂದು ಪುಡಿ ಉದುರುತ್ತದೆ. ದಬ್ಬಳದಿಂದ ಒತ್ತಿದರೆ ಮೊನೆ ಒಳಗೆ ಇಳಿದೇ ಬಿಡುತ್ತದೆ. ಹೊರಗೆ ಕಾಣುವುದು ನಾಲ್ಕೇ ಗುಳ್ಳೆ, ಒಳಗೆ ಅಂಗೈಯಗಲ ತಗಡು ಆಗಲೇ ಗೆದ್ದಲು ಹಿಡಿದ ಹಲಗೆಯಂತಾಗಿರುತ್ತದೆ. ಪಿಕಪ್ ಬಾಡಿ ತೂತಾಗುವ ಜಾಗಗಳಲ್ಲಿ ಹೆಚ್ಚಿನವುಗಳಲ್ಲಿ ತುಕ್ಕು ಹುಟ್ಟುವುದು ಒಳಮೈಯಲ್ಲಿ. ಹೊರಗಿನ ಬಣ್ಣಕ್ಕೆ ಸುದ್ದಿ ಮುಟ್ಟುವುದು ಕೊನೆಗೆ. ಹೊರಗಿಂದ ಉಜ್ಜಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದ ಕೆಲಸ ಸ್ವಲ್ಪ ದಿನದಲ್ಲೇ ಅದೇ ಜಾಗದಲ್ಲಿ ಮತ್ತೆ ಉಬ್ಬುವುದು ಇದಕ್ಕೇ. ಹಾಗಾಗಿ ಇಲ್ಲಿ ಹೇಳುವ ಪ್ರತಿ ಹಂತದಲ್ಲೂ ಒಂದು ಪ್ರಶ್ನೆ ಕೇಳಿಕೊಳ್ಳುತ್ತಿರಿ: ಈ ತಗಡಿನ ಹಿಂಬದಿಗೆ ಏನಾಗುತ್ತಿದೆ?

ಹಿಂಚಕ್ರದ ಕಮಾನನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಕ್ಯಾಬಿನ್ ಮೂಲೆ, ರಾಕರ್ ಪ್ಯಾನೆಲ್ (ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಟೊಳ್ಳು ಭಾಗ), ಬಾಗಿಲಿನ ಅಡಿಯಂಚಿಗೆ ಬಂದಾಗ ಬದಲಾಗುವುದನ್ನು ಮುಂದೆ ಪ್ರತ್ಯೇಕವಾಗಿ ಹೇಳಿದೆ.

ತುಕ್ಕು ಕೂರುವ ಜಾಗ, ಕೂರುವ ಕಾರಣ

ಸಾಮಾನು ಹೇರುವ ತೊಟ್ಟಿಯ ಹೊರಪಕ್ಕದ ತಗಡೂ ಒಳಗಿನ ವೀಲ್‌ಹೌಸ್ (ಚಕ್ರದ ಗೂಡು) ತಗಡೂ ಕಮಾನಿನ ಅಂಚಿನಲ್ಲಿ ಒಂದರ ಮೇಲೊಂದು ಕೂತು ಅಲ್ಲಲ್ಲಿ ಚುಕ್ಕಿಯಂತೆ ಬೆಸೆದು (ಸ್ಪಾಟ್ ವೆಲ್ಡ್) ಇರುತ್ತವೆ. ಎರಡರ ನಡುವೆ ಕೂದಲೆಳೆಯಷ್ಟು ಸಂದು. ಚಕ್ರ ಚಿಮ್ಮಿಸಿದ ಕೆಸರು ಆ ಅಂಚಿನ ಒಳಮಡಿಕೆಯಲ್ಲಿ ಕೂತು ವಾರಗಟ್ಟಲೆ ಒದ್ದೆಯಾಗಿರುತ್ತದೆ, ನೀರು ಸಂದಿಗೆ ತಾನಾಗಿ ಹೀರಿಕೊಳ್ಳುತ್ತದೆ. ಬಣ್ಣ ಅಲ್ಲಿಗೆ ಕಾರ್ಖಾನೆಯಲ್ಲೇ ಸರಿಯಾಗಿ ತಲುಪಿರುವುದಿಲ್ಲ. ಕ್ಯಾಬಿನ್ನಿನ ಹಿಂದಿನ ಕೆಳಮೂಲೆಯಲ್ಲೂ ಇದೇ ಕಥೆ. ಕೆಲವು ಗಾಡಿಗಳಲ್ಲಿ ಶಬ್ದ ತಡೆಯಲು ಅಲ್ಲಿ ತುಂಬಿದ ಫೋಮ್ ನೀರು ಕುಡಿದು ಕೂತಿರುತ್ತದೆ. ಬಾಗಿಲಿನ ಗಾಜಿನ ಪಕ್ಕದಿಂದ ಒಂದಷ್ಟು ನೀರು ಒಳಗಿಳಿಯುವುದು ಸಹಜ, ಅದು ಅಡಿಯ ತೂತುಗಳಿಂದ ಹೊರಹೋಗಲಿ ಎಂದೇ ಬಾಗಿಲನ್ನು ಹಾಗೆ ಮಾಡಿರುತ್ತಾರೆ. ತೂತು ಮಣ್ಣಿನಿಂದ ಮುಚ್ಚಿತೋ, ಬಾಗಿಲು ನೀರಿನ ತೊಟ್ಟಿಯೇ ಆಯಿತು. ರಾಕರ್ ಪ್ಯಾನೆಲ್‌ಗಳ ತೂತನ್ನು ಎಷ್ಟೋ ಸಲ ಮುಚ್ಚುವುದು ಮಣ್ಣಲ್ಲ, ಅಡಿಗೆ ಕೋಟಿಂಗ್ ಹೊಡೆದ ಉತ್ಸಾಹಿಗಳು.

ಮೊದಲು ಅಳತೆ

ಗಾಡಿಯ ಅಡಿ, ಕಮಾನುಗಳ ಒಳಮೈಯನ್ನು ಒತ್ತಡದ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಆಮೇಲೆ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಅನುಮಾನವಿರುವ ಕಡೆ ಆಡಿಸಿ. ಹಿಡಿತ ಸಡಿಲವಾದ ಕಡೆ ಹಳೆಯ ಪುಟ್ಟಿ ದಪ್ಪಗಿದೆ, ಅಂದರೆ ಯಾರೋ ಮೊದಲೇ ಕೈಯಾಡಿಸಿದ್ದಾರೆ ಎಂದರ್ಥ. ದಬ್ಬಳವನ್ನೋ ಚೂಪು ಸ್ಕ್ರೂಡ್ರೈವರನ್ನೋ ಪ್ರತಿ 10 ಮಿ.ಮೀ.ಗೆ ಒಮ್ಮೆ ಒತ್ತುತ್ತಾ ಬನ್ನಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಹೋದ ತಗಡು ಮಂಕಾಗಿ ಕುಸಿಯುತ್ತದೆ.

ಮೂರು ಬಗೆ ಸಿಗುತ್ತವೆ. ಮೇಲ್ಮೈ ತುಕ್ಕು ಉಜ್ಜಿದರೆ ಹೋಗುತ್ತದೆ, ಕೆಳಗೆ ಹೊಳೆಯುವ ಲೋಹ ಸಿಗುತ್ತದೆ. ಗುಳಿಬಿದ್ದ ತುಕ್ಕಿನಲ್ಲಿ ಲೋಹ ಹೊಳೆದರೂ ಕಪ್ಪು ಚುಕ್ಕಿಗಳು ಉಳಿಯುತ್ತವೆ, ತಗಡು ತೆಳುವಾಗಿರುತ್ತದೆ. ಮೂರನೆಯದು ತೂತು. ತೂತಿಗೆ ಮತ್ತು ತೀರ ತೆಳುವಾದ ತಗಡಿಗೆ ಮದ್ದು ಒಂದೇ, ಕತ್ತರಿಸಿ ಹೊಸ ತಗಡು ಹಾಕುವುದು. ಗ್ರೈಂಡರ್‌ನಿಂದ ಬಣ್ಣ ತೆಗೆದು, ಗುಳಿಗಳೂ ಇಲ್ಲದ ಶುದ್ಧ ಲೋಹ ಸಿಗುವ ಗೆರೆ ಹುಡುಕಿ, ಅಲ್ಲಿಂದ ಇನ್ನೂ 25 ಮಿ.ಮೀ. ಆಚೆಗೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಆ 25 ಮಿ.ಮೀ. ಉಳಿಸಲು ಹೋದವರು ವೆಲ್ಡಿಂಗ್ ಮಾಡುವಾಗ ಪಶ್ಚಾತ್ತಾಪ ಪಡುತ್ತಾರೆ. ತುಕ್ಕು ತಿಂದ ತೆಳು ತಗಡು ಬೆಸುಗೆ ತಾಗಿದೊಡನೆ ಕರಗಿ ತೂತಾಗುತ್ತದೆ, ಆ ತೂತು ಮುಚ್ಚಲು ಹೋದರೆ ಇನ್ನೂ ದೊಡ್ಡದಾಗುತ್ತದೆ.

ಚಾಸಿಸ್, ಕ್ಯಾಬಿನ್ ಮೌಂಟ್, ಸೀಟ್ ಬೆಲ್ಟ್ ಬಿಗಿದ ಜಾಗ, ಸಸ್ಪೆನ್ಷನ್ ಕೂರುವ ಜಾಗಗಳಲ್ಲಿ ತುಕ್ಕು ಕಂಡರೆ ಅಲ್ಲಿಗೆ ಈ ಬರಹ ನಿಂತಿತು. ಅವು ಗಾಡಿಯ ಬಲದ ಭಾಗಗಳು. ಹೊಸ ಗಾಡಿಗಳ ಚಾವಣಿ ಹೊರುವ ಕಂಬಗಳು ಮತ್ತು ಒಳ ರಾಕರ್‌ಗಳಲ್ಲಿ ಬಳಸುವ ಹೆಚ್ಚು ಬಲದ ಉಕ್ಕು ಬೆಸುಗೆಯ ಶಾಖಕ್ಕೆ ತನ್ನ ಬಲ ಕಳೆದುಕೊಳ್ಳುತ್ತದೆ. ಅದಕ್ಕೆ ತಯಾರಕರ ರಿಪೇರಿ ಕೈಪಿಡಿಯೂ ಪಳಗಿದ ಕೈಯೂ ಬೇಕು. ಪ್ರತ್ಯೇಕ ಚಾಸಿಸ್ ಇಲ್ಲದೆ ಬಾಡಿಯೇ ಚಾಸಿಸ್ ಆಗಿರುವ ಪಿಕಪ್‌ಗಳಲ್ಲಂತೂ ರಾಕರ್ ಬರೀ ಅಂದದ ಭಾಗವಲ್ಲ.

ಸಾಮಾನು

ಬೆಸುಗೆಗೆ ಮಿಗ್ ಯಂತ್ರ (ಟಾರ್ಚ್‌ನಿಂದ ವೈರ್ ತಾನಾಗಿ ಬರುವಂಥದ್ದು), 0.6 ಮಿ.ಮೀ. ವೈರ್, ಆರ್ಗಾನ್ ನೂರಕ್ಕೆ 75–80 ಪಾಲು, ಉಳಿದದ್ದು ಇಂಗಾಲದ ಡೈಆಕ್ಸೈಡ್ ಇರುವ ಗ್ಯಾಸ್. ಗ್ಯಾಸ್ ಹರಿವು ನಿಮಿಷಕ್ಕೆ 8ರಿಂದ 12 ಲೀಟರ್. ಗ್ಯಾಸ್ ಇಲ್ಲದ ಫ್ಲಕ್ಸ್ ವೈರ್‌ನಲ್ಲೂ ಕೆಲಸ ಆಗುತ್ತದೆ, ಆದರೆ ಶಾಖ ಹೆಚ್ಚು, ಕಿಡಿ ಹೆಚ್ಚು, ಬಾಡಿ ತಗಡಿಗೆ ಅದು ಮೊಂಡು ಆಯುಧ. ವೈರ್ ಬದಲಿಸಿದಾಗ ಧ್ರುವ ಬದಲಿಸುವುದನ್ನು ಮರೆಯಬೇಡಿ: ಗ್ಯಾಸ್ ಜೊತೆಗಿನ ಗಟ್ಟಿ ವೈರ್‌ಗೆ ಟಾರ್ಚ್ ಧನ, ಗ್ಯಾಸ್ ಇಲ್ಲದ ಫ್ಲಕ್ಸ್ ವೈರ್‌ಗೆ ಟಾರ್ಚ್ ಋಣ.

ತಗಡಿನ ವಿಷಯದಲ್ಲಿ ಅಂದಾಜಿಗೆ ಹೋಗಬೇಡಿ. ಕತ್ತರಿಸಿದ ಗಟ್ಟಿ ತುಂಡನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಹೊರಮೈ ತಗಡು ಸಾಮಾನ್ಯವಾಗಿ 0.7–0.9 ಮಿ.ಮೀ. ಇರುತ್ತದೆ, ತೊಟ್ಟಿಯ ನೆಲ ಇನ್ನೂ ದಪ್ಪ. ಅದೇ ದಪ್ಪದ, ಸತುವು ಲೇಪಿಸದ ಕೋಲ್ಡ್ ರೋಲ್ಡ್ ತಗಡು ತನ್ನಿ. ‘ಗಟ್ಟಿಯಾಗಿರಲಿ’ ಎಂದು 1.6 ಮಿ.ಮೀ. ತಂದರೆ ದಪ್ಪ ತಗಡು ಕರಗುವಷ್ಟರಲ್ಲಿ ಪಕ್ಕದ ತೆಳು ತಗಡು ಮಾಯ. ನಿಮ್ಮ ಗಾಡಿಗೆ ಅಚ್ಚು ಒತ್ತಿದ ರೆಡಿ ಕಮಾನು ಸಿಗುವುದಾದರೆ ಅದೇ ಮೇಲು. ಕಮಾನಿನ ಎರಡು ದಿಕ್ಕಿನ ಬಾಗು ಕೈಯಲ್ಲಿ ತರುವುದು ಬಲು ಕಷ್ಟ.

ಉಳಿದದ್ದು: 115 ಅಥವಾ 125 ಮಿ.ಮೀ. ಆಂಗಲ್ ಗ್ರೈಂಡರ್, 1 ಮಿ.ಮೀ. ಕಟಿಂಗ್ ಡಿಸ್ಕ್, 60 ಮತ್ತು 80ರ ಫ್ಲ್ಯಾಪ್ ಡಿಸ್ಕ್ (ಎಮರಿಯ ನಂಬರು ಹೆಚ್ಚಿದಷ್ಟೂ ನಯ), ಬಣ್ಣ ಕೀಳುವ ಸ್ಪಂಜಿನಂತಹ ಸ್ಟ್ರಿಪ್ ಡಿಸ್ಕ್, ಸ್ಪಾಟ್ ವೆಲ್ಡ್ ಕತ್ತರಿಸುವ 8 ಮಿ.ಮೀ. ಬಿಟ್, ತಗಡು ಕತ್ತರಿ, ಲಾಕಿಂಗ್ ಪ್ಲೈಯರ್ ಕನಿಷ್ಠ ಆರು, ಬಾಡಿ ಸುತ್ತಿಗೆ ಮತ್ತು ಡಾಲಿ (ತಗಡಿನ ಹಿಂಬದಿಗೆ ಒತ್ತಿ ಹಿಡಿಯುವ ಕಬ್ಬಿಣದ ಗಟ್ಟಿ).

ಕಿಡಿ ಹಾರಿಸುವ ಮುನ್ನ

ಬ್ಯಾಟರಿಯ ಋಣ ತಂತಿ ಬಿಚ್ಚಿ ದೂರ ಸರಿಸಿ. ಬೆಸುಗೆಯ ಅರ್ತ್ ಕ್ಲಾಂಪನ್ನು ಬೆಸೆಯುವ ತಗಡಿಗೇ, ಹತ್ತಿರದಲ್ಲೇ ಕಚ್ಚಿಸಿ. ಚಾಸಿಸ್‌ನ ಆಚೆ ತುದಿಗೆ ಕಚ್ಚಿಸಿದರೆ ವಿದ್ಯುತ್ತು ಬೇರಿಂಗು, ಸೆನ್ಸರು ಹಾದು ಬರುವ ದಾರಿ ಹುಡುಕುತ್ತದೆ. ಹಿಂಚಕ್ರದ ಹತ್ತಿರ ಇಂಧನ ತುಂಬುವ ಪೈಪ್, ಬ್ರೇಕ್ ಪೈಪ್, ದೀಪದ ವೈರಿಂಗ್ ಇರುತ್ತವೆ. ತೆಗೆಯಬಹುದಾದ್ದನ್ನು ತೆಗೆಯಿರಿ, ಉಳಿದದ್ದಕ್ಕೆ ವೆಲ್ಡಿಂಗ್ ಕಂಬಳಿ ಹೊದಿಸಿ. ಕ್ಯಾಬಿನ್ ಮೂಲೆಯ ಕೆಲಸವಾದರೆ ಸೀಟು, ಕಾರ್ಪೆಟ್, ಒಳಗಿನ ಫೋಮ್ ಹೊರಗೆ. ಅಗ್ನಿಶಾಮಕ ಸಿಲಿಂಡರ್ ಕೈಗೆಟಕುವಲ್ಲಿ ಇರಲಿ, ಕೊನೆಯ ಬೆಸುಗೆಯ ನಂತರ ಕನಿಷ್ಠ ಅರ್ಧ ಗಂಟೆ ಗಾಡಿ ಬಿಟ್ಟು ಹೋಗಬೇಡಿ. ಬೆಂಕಿ ಹೊತ್ತುವುದು ಎಷ್ಟೋ ಸಲ ಎಲ್ಲ ಮುಗಿಸಿ ಕೈ ತೊಳೆಯಲು ಹೋದಾಗ.

ಇನ್ನೆರಡು ಮಾತು, ಉಸಿರಿಗೆ ಸಂಬಂಧಿಸಿದ್ದು. ಬೆಸೆಯುವ ತಗಡನ್ನು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಎಂದೂ ಒರೆಸಬೇಡಿ. ಬೆಸುಗೆಯ ಆರ್ಕ್‌ನಲ್ಲಿ ಅದು ಫಾಸ್ಜೀನ್ ಎಂಬ ವಿಷಾನಿಲವಾಗಬಲ್ಲದು. ಹಾಗೆಯೇ ಸತುವಿನ ಲೇಪ ಇರುವ ತಗಡು ಬೆಸೆದರೆ ಬಿಳಿ ಹೊಗೆ ಏಳುತ್ತದೆ, ಅದನ್ನು ಉಸಿರಾಡಿದವರಿಗೆ ರಾತ್ರಿ ಚಳಿಜ್ವರ. ಬೆಸೆಯುವ ಅಂಚಿನ ಎರಡೂ ಮೈಯಿಂದ 20–25 ಮಿ.ಮೀ. ಅಗಲಕ್ಕೆ ಲೇಪ ಉಜ್ಜಿ ತೆಗೆಯಿರಿ, ಗಾಳಿ ಆಡುವಂತೆ ಮಾಡಿಕೊಳ್ಳಿ.

ಕತ್ತರಿಸುವುದು

ಹೊಸ ಕಮಾನನ್ನು ಹಳೆಯದರ ಮೇಲೆ ಇಟ್ಟು ಚಕ್ರದ ಅಂಚಿಗೆ ಸರಿಯಾಗಿ ಕೂರಿಸಿ, ಟೇಪ್ ಹಚ್ಚಿ, ಅದರ ಹೊರಗೆರೆಯನ್ನು ಗಾಡಿಯ ಮೇಲೆ ಗೀಚಿ. ಕತ್ತರಿಸುವುದು ಈ ಗೆರೆಯಲ್ಲಲ್ಲ, ಅದರಿಂದ 20 ಮಿ.ಮೀ. ಒಳಗೆ. ಮೊದಲ ಸಲ ದೊಡ್ಡ ತುಂಡು ತೆಗೆದು ಒಳಗಿನ ಸ್ಥಿತಿ ನೋಡಿದ ಮೇಲೆಯೇ ಕೊನೆಯ ಗೆರೆ ತೀರ್ಮಾನಿಸಬೇಕು. ಕಡಿದದ್ದು ಮತ್ತೆ ಕೂಡುವುದಿಲ್ಲ. ಗೆರೆಯನ್ನು ಬಾಡಿಯ ಮಡಿಕೆಗೆ ಅಂಟಿಕೊಂಡಂತೆ, ಅದರ ಪಕ್ಕದಲ್ಲೇ ತಂದರೆ ಒಳ್ಳೆಯದು. ಮಡಿಕೆ ತಗಡಿಗೆ ಬಿಗಿತ ಕೊಡುತ್ತದೆ. ಅಗಲವಾದ ಚಪ್ಪಟೆ ಮೈಯ ನಡುವೆ ಬೆಸುಗೆ ಹಾಕಿದರೆ ಅದು ಸೊಟ್ಟಗಾಗದೆ ಇರುವುದು ಅದೃಷ್ಟ. ಮೂಲೆಗಳನ್ನು ಚೌಕವಾಗಿ ಬಿಡದೆ 10–15 ಮಿ.ಮೀ. ತ್ರಿಜ್ಯದಲ್ಲಿ ದುಂಡಗೆ ಮಾಡಿ. ಚೂಪು ಮೂಲೆಯಲ್ಲಿ ಶಾಖ ಒಟ್ಟಾಗುತ್ತದೆ, ಬಿರುಕೂ ಅಲ್ಲಿಂದಲೇ ಶುರು.

ಕಮಾನಿನ ಅಂಚಿನಲ್ಲಿ ಹೊರತಗಡನ್ನು ಮಾತ್ರ ಬಿಡಿಸಬೇಕು. ಪ್ರತಿ ಸ್ಪಾಟ್ ವೆಲ್ಡ್‌ನ ನಡುಬಿಂದುವಿಗೆ ಪಂಚ್ ಹೊಡೆದು 8 ಮಿ.ಮೀ. ಬಿಟ್‌ನಿಂದ ಹೊರಪದರವಷ್ಟನ್ನೇ ಕೊರೆಯಿರಿ. ತಗಡು ತೂತಾಗುವ ಮುಂಚೆ ಬೂದುಬಣ್ಣದ ಚೂರು ಬರುವುದು ನಿಂತು, ಕಂದು ಗೆರೆಯೊಂದು ಉಂಗುರದಂತೆ ಕಾಣುತ್ತದೆ. ಅದು ಎರಡು ತಗಡುಗಳ ನಡುವಿನ ತುಕ್ಕು. ಅಲ್ಲಿಗೆ ನಿಲ್ಲಿಸಿ, ತೆಳು ಉಳಿಯಿಂದ ಎಬ್ಬಿಸಿ.

ಈಗ ಒಳಗಿನ ವೀಲ್‌ಹೌಸ್ ಕಣ್ಣಿಗೆ ಬೀಳುತ್ತದೆ. ಹೊರತಗಡು ತೂತಾಗಿದ್ದರೆ ಒಳ ಅಂಚೂ ಹೋಗಿರುವುದೇ ಹೆಚ್ಚು. ಅದನ್ನು ಹಾಗೇ ಬಿಟ್ಟು ಹೊರಗೆ ಚೆಂದದ ಹೊಸ ಕಮಾನು ಕೂರಿಸುವುದು ‘ಮೇಲೆ ಥಳಕು, ಒಳಗೆ ಹುಳುಕು’. ಹೊಸ ಅಂಚಿಗೆ ಹಿಡಿಯಲು ಗಟ್ಟಿ ತಗಡೇ ಇರುವುದಿಲ್ಲ. ಒಳ ಅಂಚಿನ ರಿಪೇರಿ ಕಣ್ಣಿಗೆ ಕಾಣದ ಕೆಲಸ, ಅಂದ ಬೇಡ, ಗಟ್ಟಿತನ ಸಾಕು. ತಗಡಿನ ಉದ್ದ ಪಟ್ಟಿಯನ್ನು ಎಲ್ ಆಕಾರಕ್ಕೆ ಮಡಚಿ, ಮಡಿಕೆಯ ಒಂದು ಪಕ್ಕವನ್ನು ಪ್ರತಿ 15 ಮಿ.ಮೀ.ಗೆ ಕತ್ತರಿಸಿದರೆ ಅದು ಕಮಾನಿನ ಬಾಗಿಗೆ ತಾನಾಗಿ ಒಗ್ಗುತ್ತದೆ. ಬೆಸೆದ ನಂತರ ಆ ಸೀಳುಗಳನ್ನೂ ಬೆಸುಗೆಯಿಂದ ತುಂಬಿ.

ತಾಳೆ ನೋಡುವುದು: ಅರ್ಧ ಕೆಲಸ ಇಲ್ಲೇ

ಬೆಸುಗೆ ಹದಗೆಡುವುದು ಬಹಳ ಸಲ ಟಾರ್ಚ್ ಹಿಡಿದ ಕೈಯಿಂದಲ್ಲ, ಸಂದು ಸರಿಯಿಲ್ಲದ್ದರಿಂದ. ಹೊಸ ತಗಡನ್ನು ಹಳೆಯದರ ಮೇಲೆ ಹೇರದೆ ಅಂಚಿಗೆ ಅಂಚು ತಾಗಿಸಿ ಬೆಸೆಯಿರಿ. ಒಂದರ ಮೇಲೊಂದು ಹೇರಿದ ಲ್ಯಾಪ್ ಜೋಡಣೆ ಸುಲಭ, ಆದರೆ ಹಿಂಬದಿಯಲ್ಲಿ ನೀರು ಕೂರುವ ಹೊಸ ಸಂದು ನೀವೇ ಮಾಡಿಕೊಟ್ಟಂತೆ. ಅಂಚುಗಳ ನಡುವೆ 0.5ರಿಂದ 0.8 ಮಿ.ಮೀ. ಸಂದು ಇರಲಿ. ಕಟಿಂಗ್ ಡಿಸ್ಕಿನ ದಪ್ಪಕ್ಕಿಂತ ತುಸು ಕಡಿಮೆ. ಪೂರ್ತಿ ತಾಗಿದ್ದರೆ ಬೆಸುಗೆ ಮೇಲೆಯೇ ಗುಡ್ಡೆಯಾಗುತ್ತದೆ, ಹಿಂಬದಿಗೆ ಇಳಿಯುವುದಿಲ್ಲ. 1.5 ಮಿ.ಮೀ. ಆದರೆ ಅಂಚು ಹಿಂದಕ್ಕೆ ಕರಗುತ್ತಾ ಹೋಗುತ್ತದೆ.

ಹೊಸ ತುಂಡನ್ನು ಕ್ಲಾಂಪ್‌ಗಳಿಂದ ಹಿಡಿಸಿ, ಐದು ಹೆಜ್ಜೆ ಹಿಂದೆ ಹೋಗಿ ಪಕ್ಕದಿಂದ ನೋಡಿ. ಚಕ್ರ ಹಾಕಿ, ಗಾಡಿ ನೆಲಕ್ಕಿಳಿಸಿ ಇನ್ನೊಮ್ಮೆ ನೋಡಿ. ಇನ್ನೊಂದು ಪಕ್ಕದ ಕಮಾನಿನ ಎತ್ತರವನ್ನು ಚಕ್ರದ ನಡುಬಿಂದುವಿನಿಂದ ಅಳೆದು ಹೋಲಿಸಿ. 3 ಮಿ.ಮೀ. ವ್ಯತ್ಯಾಸ ಬಂದರೂ ಬಣ್ಣ ಹಾಕಿದ ಮೇಲೆ ಕಣ್ಣಿಗೆ ಹೊಡೆಯುತ್ತದೆ. ಕೂರಿಸಿ, ಗೀಚಿ, ತೆಗೆದು, ಉಜ್ಜಿ, ಮತ್ತೆ ಕೂರಿಸಿ. ಆರೇಳು ಸಲ ಹೀಗೆ ಆಗುವುದು ಮಾಮೂಲು.

ಕಮಾನಿನ ಅಂಚಿನಲ್ಲಿ ಎರಡು ತಗಡು ಒಂದರ ಮೇಲೊಂದು ಬರಲೇಬೇಕು. ಅಲ್ಲಿ ಹೊಸ ತಗಡಿನ ಅಂಚಿಗೆ ಪ್ರತಿ 30–40 ಮಿ.ಮೀ.ಗೆ 6 ಮಿ.ಮೀ. ತೂತು ಹಾಕಿ, ಪ್ಲಗ್ ವೆಲ್ಡ್‌ಗೆ (ತೂತನ್ನು ತುಂಬಿ ಕೆಳತಗಡಿಗೆ ಹಿಡಿಸುವ ಬೆಸುಗೆ). ಎರಡೂ ತಗಡಿನ ಮುಖಾಮುಖಿ ಮೈಗೆ ಸತುವು ತುಂಬಿದ ವೆಲ್ಡ್-ಥ್ರೂ ಪ್ರೈಮರ್ ತೆಳುವಾಗಿ ಹಚ್ಚಿ ಒಣಗಿಸಿ. ಬೆಸುಗೆ ಬೀಳುವ ತೂತಿನ ನೇರಕ್ಕೆ ಮಾತ್ರ ಕೆರೆದು ಲೋಹ ಕಾಣಿಸಿ. ಹೆಸರಿನಲ್ಲಿ ‘ಥ್ರೂ’ ಇದ್ದರೂ ಅದರ ಮೇಲೇ ಬೆಸೆದರೆ ಕಿಡಿ ಸಿಡಿದು ಬೆಸುಗೆ ತೂತುತೂತಾಗುತ್ತದೆ.

ಬೆಸುಗೆ

ಯಂತ್ರದ ಅಳತೆಯನ್ನು ಗಾಡಿಯ ಮೇಲೆ ಹುಡುಕಬೇಡಿ. ಅದೇ ದಪ್ಪದ ಎರಡು ಚೂರುಗಳನ್ನು ಅಷ್ಟೇ ಸಂದಿಯಲ್ಲಿ ಇಟ್ಟು ಪರೀಕ್ಷೆ ಮಾಡಿ. 0.8 ಮಿ.ಮೀ. ತಗಡಿಗೆ 15 ವೋಲ್ಟ್ ಆಸುಪಾಸಿನಿಂದ ಶುರು ಮಾಡಿ, ವೈರ್ ವೇಗ ಹೆಚ್ಚುಕಡಿಮೆ ಮಾಡುತ್ತಾ ಹದಕ್ಕೆ ತನ್ನಿ. ಚುಕ್ಕಿ ಹಾಕಿ ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಹೊರಗಿನದಕ್ಕಿಂತ ತುಸು ಸಣ್ಣದಾದ ಉಬ್ಬು ಕಾಣಬೇಕು. ಬರೀ ನೀಲಿ ಕಲೆ ಇದ್ದರೆ ಶಾಖ ಸಾಲದು, ತೂತು ಬಿದ್ದರೆ ಹೆಚ್ಚಾಯಿತು.

ಉದ್ದ ಗೆರೆ ಎಳೆಯುವ ಆಸೆ ಇಲ್ಲಿ ಬೇಡ. ಬಾಡಿ ತಗಡಿನ ಬೆಸುಗೆ ಎಂದರೆ ನೂರಾರು ಚುಕ್ಕಿಗಳು. ಒಂದೊಂದೂ ಒಂದು ಸೆಕೆಂಡಿಗಿಂತ ಕಡಿಮೆ: ಟ್ರಿಗರ್ ಒತ್ತಿ, ಕಿತ್ತಳೆ ಬಣ್ಣದ ಹನಿ ಎರಡೂ ಅಂಚಿಗೆ ತಾಗಿದ್ದು ಕಂಡೊಡನೆ ಬಿಡಿ. ಮೊದಲ ಸುತ್ತು ಸುಮಾರು 25–30 ಮಿ.ಮೀ.ಗೆ ಒಂದು, ನಡುವಿನಿಂದ ಶುರುವಾಗಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ. ಪ್ರತಿ ಚುಕ್ಕಿಗೂ ಮುಂಚೆ ಎರಡು ತಗಡು ಒಂದೇ ಮಟ್ಟದಲ್ಲಿವೆಯೇ ಎಂದು ಬೆರಳಿನಿಂದ ಸವರಿ, ಇಲ್ಲದಿದ್ದರೆ ಅಗಲ ಸ್ಕ್ರೂಡ್ರೈವರ್‌ನಿಂದ ಒತ್ತಿ ಹಿಡಿದು ಚುಕ್ಕಿ ಹಾಕಿ. ಎರಡನೆಯ ಸುತ್ತು ಅವುಗಳ ನಡುವೆ. ಮೂರನೆಯದು ಉಳಿದ ನಡುವೆ. ಪಕ್ಕಪಕ್ಕದ ಎರಡು ಚುಕ್ಕಿ ಒಂದರ ಹಿಂದೊಂದು ಎಂದೂ ಹಾಕಬೇಡಿ. ಬೆರಳಿಟ್ಟರೆ ತಡೆದುಕೊಳ್ಳುವಷ್ಟು ಆರಿದ ಜಾಗಕ್ಕೆ ಮಾತ್ರ ಮರಳಿ ಬನ್ನಿ. ಒದ್ದೆ ಬಟ್ಟೆಯಿಂದ ಬೇಗ ತಣಿಸುವವರಿದ್ದಾರೆ. ಬರಿ ಲೋಹದ ಮೇಲೆ ನೀರು ಸುರಿದು ಸಂದಿಗೆ ಇಳಿಸುವ ಆ ಉಪಾಯ ನಮಗೆ ಒಪ್ಪಿಗೆಯಿಲ್ಲ.

ತಗಡು ಏಕೆ ಸೊಟ್ಟಗಾಗುತ್ತದೆ ಎಂದು ತಿಳಿದರೆ ತಡೆಯುವುದೂ ತಿಳಿಯುತ್ತದೆ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ, ಪಕ್ಕದ ತಗಡನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಗೆರೆಯುದ್ದಕ್ಕೂ ಈ ಎಳೆತ ಸೇರಿ ಬೆಸುಗೆ ಕಣಿವೆಯಂತೆ ತಗ್ಗುತ್ತದೆ, ಅದರ ಆಚೀಚೆ ಅಲೆ ಏಳುತ್ತದೆ. ಮದ್ದು ಸುತ್ತಿಗೆಯಲ್ಲಿದೆ: ಪ್ರತಿ ಸುತ್ತಿನ ನಂತರ ಚುಕ್ಕಿಯ ಗುಬುಟನ್ನು ಮಟ್ಟಕ್ಕೆ ಉಜ್ಜಿ, ಹಿಂಬದಿಗೆ ಡಾಲಿ ಒತ್ತಿ ಹಿಡಿದು, ಚುಕ್ಕಿಯ ಮೇಲೆಯೇ ಹಗುರಾಗಿ ಎರಡು ಮೂರು ಪೆಟ್ಟು. ಪೆಟ್ಟು ಡಾಲಿಯ ಮೇಲೆ ಸರಿಯಾಗಿ ಬಿದ್ದರೆ ಗಂಟೆಯಂಥ ದನಿ ಬರುತ್ತದೆ. ಲೋಹ ಹಿಗ್ಗಿ, ಕುಗ್ಗಿದ್ದು ಮರಳಿ ಬರುತ್ತದೆ. ಪಕ್ಕದ ತಗಡಿಗೆ ಹೊಡೆದರೆ ಅಲೆ ಇನ್ನಷ್ಟು ಹೆಚ್ಚುತ್ತದೆ.

ತೂತು ಬಿದ್ದರೆ ಗಾಬರಿಯಲ್ಲಿ ಟ್ರಿಗರ್ ಒತ್ತುತ್ತಾ ಹೋಗಬೇಡಿ. ಆರಲು ಬಿಡಿ, ಹಿಂಬದಿಗೆ ಚಪ್ಪಟೆ ಮಾಡಿದ ದಪ್ಪ ತಾಮ್ರದ ತುಂಡು ಒತ್ತಿ ಹಿಡಿಸಿ, ತೂತಿನ ಅಂಚಿನಿಂದ ಒಳಕ್ಕೆ ಒಂದೊಂದೇ ಚುಕ್ಕಿ ತುಂಬಿ. ಬೆಸುಗೆ ತಾಮ್ರಕ್ಕೆ ಅಂಟುವುದಿಲ್ಲ, ಶಾಖವನ್ನು ತಾಮ್ರವೇ ಹೀರಿಕೊಳ್ಳುತ್ತದೆ.

ಎಲ್ಲ ಮುಗಿದ ಮೇಲೆ 60ರ ಫ್ಲ್ಯಾಪ್ ಡಿಸ್ಕ್‌ನಿಂದ ಮಟ್ಟ ಮಾಡಿ, 80ರಿಂದ ಮುಗಿಸಿ. ಒಂದೇ ಕಡೆ ಉಜ್ಜುತ್ತಾ ನಿಂತರೆ ತಗಡು ನೀಲಿಗಟ್ಟುತ್ತದೆ, ಆ ಶಾಖಕ್ಕೇ ಮತ್ತೆ ಸೊಟ್ಟಗಾಗುತ್ತದೆ. ಬೆಸುಗೆಯ ಪಕ್ಕದ ತಗಡು ತೆಳುವಾಗದಂತೆ ಡಿಸ್ಕಿನ ಅಂಚನ್ನು ಬೆಸುಗೆಯ ಮೇಲೇ ಇಡಿ. ಕತ್ತಲಾದ ಮೇಲೆ ಹಿಂಬದಿಗೆ ದೀಪ ಹಿಡಿದು ಹೊರಗಿನಿಂದ ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡ ಕಡೆಯೆಲ್ಲ ಇನ್ನೊಂದು ಚುಕ್ಕಿ. ಹೀಗೆ ಬಿಟ್ಟ ಒಂದು ಸೂಜಿತೂತಿನಿಂದ ಹಿಂಬದಿಯ ತೇವ ಪುಟ್ಟಿಗೆ ಇಳಿದು ಬಣ್ಣ ಎಬ್ಬಿಸಲು ಸಾಕು.

ಬೆಸುಗೆ ಬಾರದವರಿಗೆ ಅಂಟು

ಬಾಡಿ ಪ್ಯಾನೆಲ್‌ಗೆಂದೇ ಮಾಡಿದ ಎರಡು ಭಾಗದ ಅಂಟು ಇದೆ. ತೊಟ್ಟಿಯ ಹೊರಪಕ್ಕದಂಥ ಬಲ ಹೊರದ ತಗಡಿಗೆ ಅದು ಒಳ್ಳೆಯ ದಾರಿಯೇ. ಶಾಖವಿಲ್ಲ, ಸೊಟ್ಟಗಾಗುವುದಿಲ್ಲ, ಸಂದಿಯನ್ನೂ ಅಂಟೇ ಮುಚ್ಚುತ್ತದೆ. ಇಲ್ಲಿ ಮಾತ್ರ 20–25 ಮಿ.ಮೀ. ಹೇರುವಿಕೆ ಬೇಕು, ಹಳೆಯ ತಗಡಿನ ಅಂಚನ್ನು ಫ್ಲಾಂಜ್ ಉಪಕರಣದಿಂದ ಒಂದು ತಗಡಿನಷ್ಟು ತಗ್ಗಿಸಿದರೆ ಹೊರಮೈ ಮಟ್ಟ ಸಿಗುತ್ತದೆ. ಎರಡೂ ಮೈ ಹೊಳೆಯುವ ಲೋಹವಾಗುವಷ್ಟು 80ರಲ್ಲಿ ಉಜ್ಜಿ, ಎರಡಕ್ಕೂ ಅಂಟು ಹಚ್ಚಿ ಲೋಹ ಎಲ್ಲೂ ಕಾಣದಂತೆ ಮುಚ್ಚಿ, ಕ್ಲಾಂಪ್ ಹಾಕಿ. ತೀರ ಬಿಗಿದರೆ ಅಂಟೆಲ್ಲ ಹೊರಬಂದು ಒಳಗೆ ಏನೂ ಉಳಿಯುವುದಿಲ್ಲ. ಒಮ್ಮೆ ಒತ್ತಿದ ತಗಡನ್ನು ಎತ್ತಿ ಮತ್ತೆ ಇಟ್ಟರೆ ಗಾಳಿ ಸೇರುತ್ತದೆ. ಜಾಗ ತಪ್ಪಿದರೆ ಎಳೆಯದೆ ಜಾರಿಸಿ. ಕೆಲಸದ ಸಮಯ, ಕ್ಲಾಂಪ್ ಬಿಚ್ಚುವ ಸಮಯ ಡಬ್ಬಿಯ ಮೇಲಿರುತ್ತದೆ, ಚಳಿಯಲ್ಲಿ ಎರಡೂ ಹೆಚ್ಚುತ್ತವೆ.

ಬೇರೆ ಜಾಗಗಳಲ್ಲಿ ಬದಲಾಗುವುದು

ರಾಕರ್ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಕ್ಕೆ ಒಂದು ಕಬ್ಬಿಣದ ಪೈಪ್ ತಾತ್ಕಾಲಿಕವಾಗಿ ಬೆಸೆಯಿರಿ. ಇಲ್ಲದಿದ್ದರೆ ಚೌಕಟ್ಟು ಕೆಲವು ಮಿ.ಮೀ. ತೆರೆದುಕೊಂಡು ಬಾಗಿಲು ಮುಂದೆ ಮುಚ್ಚುವುದೇ ಇಲ್ಲ. ಗಾಡಿ ಸಮತಟ್ಟಾಗಿ ನಿಂತಿರಲಿ. ಹೊಸ ರಾಕರ್‌ಗೆ ಅಲ್ಲಲ್ಲಿ ಚುಕ್ಕಿ ಹಾಕಿ ಹಿಡಿಸಿದ ಮೇಲೆ ಬಾಗಿಲು ತೂಗುಹಾಕಿ ಮುಚ್ಚಿ ನೋಡಿ; ಸಂದು ಮೇಲಿಂದ ಕೆಳಗೆ ಒಂದೇ ಆಗಿದ್ದರೆ ಮಾತ್ರ ಪೂರ್ತಿ ಬೆಸೆಯಿರಿ. ಎರಡು ಪಕ್ಕವೂ ಹೋಗಿದ್ದರೆ ಒಂದು ಮುಗಿಸಿ ಇನ್ನೊಂದು, ಒಟ್ಟಿಗೆ ಎರಡಲ್ಲ.

ಕ್ಯಾಬಿನ್ ಮೂಲೆಗೆ ರೆಡಿ ತುಂಡು ಸಿಗುವುದಾದರೆ ಅದರಲ್ಲಿ ಬೇಕಾದಷ್ಟನ್ನೇ ಬಳಸಿ. 300 ಮಿ.ಮೀ. ಎತ್ತರದ ತುಂಡು ಸಿಕ್ಕಿತೆಂದು 120 ಮಿ.ಮೀ. ತುಕ್ಕಿಗೆ ಅಷ್ಟೂ ಕತ್ತರಿಸುವುದು ದಂಡ. ತೊಟ್ಟಿಯನ್ನು ಚಾಸಿಸ್‌ಗೆ ಹಿಡಿದ ಬೋಲ್ಟ್‌ಗಳನ್ನು ಬಿಚ್ಚಿ ಹಿಂದಕ್ಕೆ ಸರಿಸಿದರೆ ಮೂಲೆಯ ಹಿಂಬದಿಗೆ ಕೈ ಹೋಗುತ್ತದೆ. ಅದಕ್ಕೂ ಮುನ್ನ ಇಂಧನ ಪೈಪ್ ಮತ್ತು ದೀಪದ ಕನೆಕ್ಟರ್ ಬಿಚ್ಚಿರಲಿ. ತುಕ್ಕು ಹಿಡಿದ ಆ ಬೋಲ್ಟ್‌ಗಳಿಗೆ ಎರಡು ದಿನ ಮೊದಲೇ ನುಗ್ಗುವ ಎಣ್ಣೆ ಹಾಕಿಡಿ.

ಬಾಗಿಲು ಮತ್ತು ಟೇಲ್‌ಗೇಟಿನ ಅಡಿಯಲ್ಲಿ ಹೊರತಗಡು ಒಳತಗಡಿನ ಅಂಚಿನ ಮೇಲೆ ಮಡಚಿಕೊಂಡಿರುತ್ತದೆ. ತುಕ್ಕು ಇರುವುದು ಆ ಮಡಿಕೆಯೊಳಗೆ. ಮಡಿಕೆಯ ಹೊರಮೂಲೆಯನ್ನು ಗ್ರೈಂಡರ್‌ನಿಂದ ತೆಳುವಾಗಿ ಉಜ್ಜಿದರೆ ಎರಡು ತಗಡೂ ಬಿಡಿಸಿಕೊಳ್ಳುತ್ತವೆ. ಒಳ ಅಂಚು ಗಟ್ಟಿ ಮಾಡಿ, ಹೊಸ ಹೊರತಗಡು ಮಡಚುವ ಮೊದಲು ಮಡಿಕೆಯೊಳಗೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ತೆಳು ಗೆರೆ ಅಂಟು.

ಕತ್ತರಿಸಬೇಕಿಲ್ಲದ ಗುಳಿಗಳು

ಗುಳಿಬಿದ್ದರೂ ತಗಡು ಗಟ್ಟಿಯಿದ್ದರೆ ಮೊದಲು ಯಾಂತ್ರಿಕವಾಗಿ ಆದಷ್ಟು ತೆಗೆಯಿರಿ. ಬ್ಲಾಸ್ಟಿಂಗ್ (ಒತ್ತಡದ ಗಾಳಿಯಲ್ಲಿ ಹರಳು ಚಿಮ್ಮಿಸಿ ಕೆರೆಯುವುದು) ಸಿಕ್ಕರೆ ಗುಳಿಯ ತಳದವರೆಗೂ ಹೋಗುತ್ತದೆ. ವೈರ್ ಬ್ರಶ್ ತುಕ್ಕನ್ನು ಹೊಳಪು ಮಾಡಿ ಲೋಹದಂತೆ ತೋರಿಸುವ ಮೋಸಗಾರ. ಉಳಿದ ಕಪ್ಪು ಚುಕ್ಕಿಗಳಿಗೆ ತುಕ್ಕು ಪರಿವರ್ತಕ. ಫಾಸ್ಫಾರಿಕ್ ಆಮ್ಲ ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಮಾಡುತ್ತದೆ, ಟ್ಯಾನಿಕ್ ಆಮ್ಲ ಕಪ್ಪಾದ ಗಟ್ಟಿ ಪದರವಾಗಿಸುತ್ತದೆ. ಎರಡೂ ತುಕ್ಕಿನ ಮೇಲೆ ಕೆಲಸ ಮಾಡುತ್ತವೆಯೇ ಹೊರತು ಹಕ್ಕಳೆಯ ಕೆಳಗಲ್ಲ. ಆಮ್ಲದ ಉಳಿಕೆ ಇದ್ದರೆ ಎಪಾಕ್ಸಿ ಪ್ರೈಮರ್ ಹಿಡಿಯದೆ ಹಾಳೆಯಂತೆ ಏಳುತ್ತದೆ. ಹಾಗಾಗಿ ಎಪಾಕ್ಸಿ ತಯಾರಕರು ಪರಿವರ್ತಕದ ಬಗ್ಗೆ ಏನೆನ್ನುತ್ತಾರೆ ಎಂದು ಮೊದಲು ಓದಿ.

ಪ್ರೈಮರ್, ಪುಟ್ಟಿ, ಬಣ್ಣ

ಬರಿ ಲೋಹವನ್ನು ಬರಿಗೈಯಿಂದ ಮುಟ್ಟಬೇಡಿ. ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕಾಗಿ ಮೂಡುತ್ತದೆ. 80ರಿಂದ 180ರವರೆಗೆ ಎಮರಿ ಹಾಕಿ, ಮೇಣ ಮತ್ತು ಜಿಡ್ಡು ತೆಗೆಯುವ ದ್ರಾವಣವನ್ನು ಒಂದು ಬಟ್ಟೆಯಿಂದ ಹಚ್ಚಿ, ಒಣಗುವ ಮೊದಲು ಇನ್ನೊಂದರಿಂದ ಒರೆಸಿ. ಅದೇ ದಿನ ಎರಡು ಕೋಟ್ ಎಪಾಕ್ಸಿ ಪ್ರೈಮರ್. ಕೈ ಹೋಗುವ ಹಿಂಬದಿಗೂ ಇದೇ ಹೊತ್ತಿಗೆ.

ಪುಟ್ಟಿಯನ್ನು ಎಪಾಕ್ಸಿಯ ಮೇಲೆ ಹಾಕುವುದೇ ಒಳ್ಳೆಯದು. ಆಗ ಪುಟ್ಟಿ ನೀರು ಹೀರಿದರೂ ಲೋಹಕ್ಕೆ ತಾಗುವುದಿಲ್ಲ. ಡಬ್ಬಿ ಹೇಳಿದ ಅವಧಿ ದಾಟಿದ್ದರೆ 180ರಲ್ಲಿ ಉಜ್ಜಿ ಗೀರು ಮೂಡಿಸಿಕೊಳ್ಳಿ. ಬೆಸುಗೆ ಗೆರೆಯ ಮೇಲೆ ಗಾಜುನಾರಿನ ಪುಟ್ಟಿ ತೆಳುವಾಗಿ, ಅದರ ಮೇಲೆ ಮಾಮೂಲು ಪಾಲಿಯೆಸ್ಟರ್ ಪುಟ್ಟಿ. ಹಾರ್ಡನರ್ ತೂಕದಲ್ಲಿ ಸುಮಾರು 2 ಪಾಲು: 100 ಗ್ರಾಂ ಪುಟ್ಟಿಗೆ 2 ಗ್ರಾಂ. ಹೆಚ್ಚಾದರೆ ಬೇಗ ಗಟ್ಟಿಯಾಗುವುದಷ್ಟೇ ಅಲ್ಲ, ಹಾರ್ಡನರ್‌ನ ಪೆರಾಕ್ಸೈಡ್ ಮೇಲೆದ್ದು ತಿಂಗಳ ನಂತರ ಬಣ್ಣದಲ್ಲಿ ಕಲೆಯಾಗುತ್ತದೆ. ಕಡಿಮೆಯಾದರೆ ಎಮರಿಗೆ ಅಂಟಂಟಾಗಿ ಮೆತ್ತಿಕೊಳ್ಳುತ್ತದೆ. ಕಲಸುವಾಗ ತಿರುವಬೇಡಿ, ಚಪ್ಪಟೆ ಚಾಕುವಿನಿಂದ ಒತ್ತಿ ಮಡಚಿ. ತಿರುವಿದರೆ ಸೇರಿದ ಗಾಳಿಯೇ ಮುಂದೆ ಸೂಜಿತೂತು. ಕೈಯಲ್ಲಿರುವುದು ನಾಲ್ಕೈದು ನಿಮಿಷ. ಉಜ್ಜಿದ ಮೇಲೆ ಉಳಿಯುವ ದಪ್ಪ 3 ಮಿ.ಮೀ. ಮೀರಬಾರದು. ಮೀರುತ್ತಿದ್ದರೆ ತಪ್ಪು ತಗಡಿನಲ್ಲಿದೆ, ಸುತ್ತಿಗೆಗೆ ವಾಪಸ್ ಹೋಗಿ.

ಉಜ್ಜುವುದು ಉದ್ದ ಬ್ಲಾಕ್‌ನಿಂದ, ಓರೆಯಾಗಿ ಎರಡೂ ದಿಕ್ಕಿಗೆ: 80, 120, 180. ಬೆರಳು ಒತ್ತಿ ಉಜ್ಜಿದರೆ ಬೆರಳಿನಗಲದ ತಗ್ಗುಗಳು ಬೀಳುತ್ತವೆ. ಪ್ರೈಮರ್ ಸರ್ಫೇಸರ್ (ಸಣ್ಣ ಗೀರು ತುಂಬುವ ಪ್ರೈಮರ್) ಎರಡು ಮೂರು ಕೋಟ್, ಅದರ ಮೇಲೆ ಕಪ್ಪು ಸ್ಪ್ರೇಯನ್ನು ಮಂಜಿನಂತೆ ಹಾಯಿಸಿ 320ರಲ್ಲಿ ಉಜ್ಜಿ. ಕಪ್ಪು ಉಳಿದದ್ದು ತಗ್ಗು. ಬಣ್ಣಕ್ಕೆ ಮುನ್ನ 600. ಬೇಸ್ ಕೋಟ್ (ಬಣ್ಣದ ಪದರ) ಎರಡು ಮೂರು, ನಡುವೆ ಹೊಳಪು ಮಂಕಾಗುವವರೆಗೆ ಕಾಯುವುದು, ನಂತರ ಕ್ಲಿಯರ್ (ಬಣ್ಣವಿಲ್ಲದ ಹೊಳಪಿನ ಪದರ) ಎರಡು. ಬಣ್ಣದ ಅಂಚನ್ನು ತಗಡಿನ ನಡುವೆ ನಿಲ್ಲಿಸಬೇಡಿ. ಬೇಸ್ ಕೋಟನ್ನು ಕ್ರಮೇಣ ಮಾಯವಾಗುವಂತೆ ಹರಡಿ, ಕ್ಲಿಯರನ್ನು ಆ ಇಡೀ ತಗಡಿಗೆ ಹೊಡೆಯಿರಿ. ಹಾರ್ಡನರ್ ಬೆರೆಸುವ ಎರಡು ಭಾಗದ ಕ್ಲಿಯರ್‌ಗಳಲ್ಲಿ ಐಸೊಸೈನೇಟ್ ಎಂಬ, ಉಸಿರಿಗೆ ಅಪಾಯದ ರಾಸಾಯನಿಕ ಇರುತ್ತದೆ. ಧೂಳಿನ ಮಾಸ್ಕ್ ಅದಕ್ಕೆ ಏನೇನೂ ಅಲ್ಲ, ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡ ಬೇಕು. ಅದಿಲ್ಲದಿದ್ದರೆ ಈ ಹಂತವನ್ನು ಬೂತ್ ಇರುವವರಿಗೆ ಬಿಡಿ.

ಸಂದುಗಳಿಗೆ ಸೀಮ್ ಸೀಲರ್ ಹಾಕುವುದು ಎಪಾಕ್ಸಿಯ ನಂತರ, ಬಣ್ಣದ ಮೊದಲು. ಪಾಲಿಯುರೆಥೇನ್ ಅಥವಾ ಎಂಎಸ್ ಪಾಲಿಮರ್ ಜಾತಿಯದು. ಹುಳಿ ವಾಸನೆಯ ಸಿಲಿಕೋನ್ ಬೇಡವೇ ಬೇಡ: ಅದರ ಅಸಿಟಿಕ್ ಆಮ್ಲ ಲೋಹ ತಿನ್ನುತ್ತದೆ, ಬಣ್ಣ ಅದರ ಮೇಲೆ ನಿಲ್ಲುವುದಿಲ್ಲ.

ಒಳಮೈಗೆ ಮೇಣ

ಬೆಸುಗೆಯ ಶಾಖಕ್ಕೆ ಹಿಂಬದಿಯ ಬಣ್ಣ ಸುಟ್ಟು ಹೋಗಿದೆ. ಮುಚ್ಚಿದ ಡಬ್ಬದೊಳಗೆ ಈಗ ಬರಿ ಲೋಹ. ಇದನ್ನು ಹಾಗೇ ಬಿಟ್ಟರೆ ಇಷ್ಟೆಲ್ಲ ಮಾಡಿದ್ದು ಗಡುವು ಮುಂದೂಡಿದಷ್ಟೇ. ಬಣ್ಣ ಪೂರ್ತಿ ಒಣಗಿದ ಮೇಲೆ ಕ್ಯಾವಿಟಿ ವ್ಯಾಕ್ಸ್ ತನ್ನಿ, ಸುತ್ತಲೂ ಚಿಮ್ಮುವ ಮೂತಿಯ ಉದ್ದ ಕೊಳವೆ ಇರುವಂಥದ್ದು. ಕೊಳವೆಯನ್ನು ರಾಕರ್‌ನ ಆಚೆ ತುದಿವರೆಗೆ ತೂರಿಸಿ, ಒತ್ತಿ ಹಿಡಿದು ನಿಧಾನವಾಗಿ ಹೊರಗೆಳೆಯಿರಿ. ಕಮಾನಿನ ಒಳಕ್ಕೆ ಹಿಂದಿನ ದೀಪ ತೆಗೆದ ತೂತಿನಿಂದ ದಾರಿ ಸಿಗುತ್ತದೆ. ಎಲ್ಲೂ ಸಿಗದಿದ್ದರೆ 10 ಮಿ.ಮೀ. ತೂತು ಕೊರೆದು, ಅಂಚಿಗೆ ಪ್ರೈಮರ್ ಹಚ್ಚಿ, ರಬ್ಬರ್ ಬಿರಡೆ ಹಾಕಿ. ಗಾಡಿ ಬಿಸಿಲಿನಲ್ಲಿದ್ದರೆ ಮೇಣ ತೆಳುವಾಗಿ ಸಂದಿಗೆ ಚೆನ್ನಾಗಿ ಹರಿಯುತ್ತದೆ. ಕೆಳಸಂದಿನಿಂದ ಹನಿ ಜಿನುಗುವುದು ಕಂಡರೆ ತಲುಪಬೇಕಾದಲ್ಲಿಗೆ ತಲುಪಿದೆ. ಇದನ್ನು ಬಣ್ಣಕ್ಕೆ ಮೊದಲು ಮಾಡಿದರೆ ಮೇಣದ ಜಿಡ್ಡಿಗೆ ಬಣ್ಣ ಮೀನುಕಣ್ಣಿನಂತೆ ಬಿಟ್ಟುಕೊಳ್ಳುತ್ತದೆ, ಬೆಸುಗೆಗೆ ಮೊದಲು ಮಾಡಿದರೆ ಹೊತ್ತಿಕೊಳ್ಳುತ್ತದೆ.

ಮೇಣ ಹೊಡೆದ ಮರುದಿನ ನೀರಿಳಿಯುವ ಪ್ರತಿ ತೂತಿಗೂ ತಂತಿ ತೂರಿಸಿ ನೋಡಿ, ಮೇಣದಿಂದಲೇ ಮುಚ್ಚಿರುವುದುಂಟು. ಕಮಾನಿನ ಅಡಿಗೆ ಗಟ್ಟಿಯಾಗಿ ಒಣಗುವ ದಪ್ಪ ರಬ್ಬರ್ ಕೋಟಿಂಗ್ ಬೇಡ. ಅದು ಒಂದು ಕಲ್ಲೇಟಿಗೆ ಬಿರಿದರೆ ನೀರು ಹಿಂದೆ ಸೇರಿ ಹೊರಗೆ ಕಾಣದಂತೆ ತಗಡು ತಿನ್ನುತ್ತದೆ. ಒಳಮಡಿಕೆಯ ಕೆಸರನ್ನು ಪ್ರತಿ ತೊಳೆಯುವಾಗ ಬೆರಳು ಹಾಕಿ ತೆಗೆಯಿರಿ, ಮೇಣವನ್ನು ವರ್ಷಕ್ಕೊಮ್ಮೆ ನೋಡಿ ಬೇಕಾದಲ್ಲಿ ಮತ್ತೆ ಹೊಡೆಯಿರಿ. ಬೆಸುಗೆ ಗೆರೆಯ ನೇರಕ್ಕೆ ಬಣ್ಣದಲ್ಲಿ ಕೂದಲೆಳೆಯ ಬಿರುಕು ಕಂಡರೆ ಅಲ್ಲಿ ಬೆಸುಗೆ ಪೂರ್ತಿ ಹಿಡಿದಿಲ್ಲ. ಬರಿ ಗುಳ್ಳೆ ಕಂಡರೆ ಸೂಜಿತೂತು ಉಳಿದಿದೆ. ಎರಡಕ್ಕೂ ಅಷ್ಟು ಜಾಗ ಮಾತ್ರ ಲೋಹದವರೆಗೆ ತೆರೆದು, ಹಿಂಬದಿಯ ಮೇಣ ಪೂರ್ತಿ ಒರೆಸಿ ತೆಗೆದು, ಚುಕ್ಕಿ ಹಾಕಿ, ಮತ್ತೆ ಎಪಾಕ್ಸಿಯಿಂದ ಶುರು ಮಾಡಿ.